ಹಾಲು ಬಿಟ್ಟವರ ಕಾಫಿ: ಜಯನಗರದಲ್ಲಿ ಒಂದು ವೀಗನ್ ಸುತ್ತಾಟ

"ಅಣ್ಣಾ, ಹಾಲು ಬೇಡ. ಬರೀ ಡಿಕಾಕ್ಷನ್, ಬಿಸಿನೀರು."

ಇಷ್ಟು ಸ್ಪಷ್ಟವಾಗಿ ಹೇಳಿದ್ದೆ. ಕಾಫಿ ಹಾಕುವವರು ತಲೆ ಆಡಿಸಿದರು. ಲೋಟಕ್ಕೆ ಡಿಕಾಕ್ಷನ್ ಬಿತ್ತು, ಬಾಯ್ಲರ್ ನಲ್ಲಿಯಿಂದ ಬಿಸಿನೀರು ಬಿತ್ತು. ನಾನು ಕೈ ಚಾಚುವಷ್ಟರಲ್ಲಿ ಅವರ ಬಲಗೈ ತನ್ನಷ್ಟಕ್ಕೆ ತಾನೇ ಹಾಲಿನ ಪಾತ್ರೆಗೆ ಹೋಯ್ತು. ಒಂದು ಸಣ್ಣ ಧಾರೆ ಲೋಟದ ಮೇಲೆ ಸುರಿದು ಬಂತು. ಕಪ್ಪು ಕಾಫಿ ಕ್ಷಣದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಅವರ ಮುಖ ನೋಡಿದೆ.

"ಕಲರ್‌ಗೆ ಮೇಡಂ, ಸ್ವಲ್ಪ" ಅಂದರು.

ಕೋಪ ಬರಲಿಲ್ಲ. ದಿನಕ್ಕೆ ನೂರಾರು ಲೋಟ ಹಾಕುವ ಕೈ ಅದು. ಕಿವಿಗೆ ಕೇಳಿಸಿದ್ದು ಕೈಗೆ ತಲುಪೋಕೆ ಟೈಮ್ ಬೇಕು. ಆದರೆ ಆವತ್ತು ಒಂದು ವಿಷಯ ಗೊತ್ತಾಯ್ತು: ಹಾಲಿಲ್ಲದ ಕಾಫಿ ಕೇಳೋದಕ್ಕೂ ಒಂದು ಕ್ರಮ ಇದೆ. ಏನು ಕೇಳಬೇಕು, ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು ಅನ್ನೋದು ತಿಳಿದಿದ್ದರೆ ಬೀದಿಯ ಯಾವ ಹೋಟೆಲಿಗಾದರೂ ನುಗ್ಗಬಹುದು.

ನಾನಿರುವುದು ಜಯನಗರದಲ್ಲಿ. 1948ರಲ್ಲಿ ಅಡಿಗಲ್ಲು ಬಿದ್ದ ಬಡಾವಣೆ. ಆಗ ಊರಾಚೆ, ಈಗ ಊರ ಮಧ್ಯೆ. ನಿಂತು ತಿಂದು ಹೋಗುವ ದರ್ಶಿನಿಗಳು ಬೆಂಗಳೂರಿನಲ್ಲಿ ಹುಟ್ಟಿಕೊಂಡದ್ದು 1980ರ ದಶಕದಲ್ಲಿ. ಆ ಕಾಲದಿಂದಲೂ ಈ ಕಡೆಯ ಜನಕ್ಕೆ ಸ್ಟೀಲ್ ಲೋಟ ಹಿಡಿದು ಫುಟ್‌ಪಾತ್ ಮೇಲೆ ನಿಂತು ರಾಜಕೀಯ ಮಾತಾಡುವ ಅಭ್ಯಾಸ. ಈಗ ಅದೇ ರಸ್ತೆಗಳಲ್ಲಿ ಓಟ್ಸ್ ಹಾಲಿನ ಕ್ಯಾಪುಚಿನೊ ಕೊಡುವ ಕೆಫೆಗಳೂ ಬಂದಿವೆ. 20 ರೂಪಾಯಿ ಆಸುಪಾಸಿನ ಲೋಟ, ಅದರ ಹತ್ತು ಪಟ್ಟಿಗಿಂತ ಜಾಸ್ತಿ ಬೆಲೆಯ ಕಪ್ಪು, ಎರಡೂ ಹತ್ತು ನಿಮಿಷದ ನಡಿಗೆಯಲ್ಲಿ.

ಹೊಸದಾಗಿ ವೀಗನ್ ಆದವರು, ಅಂದರೆ ಮಾಂಸ, ಮೊಟ್ಟೆ ಮಾತ್ರವಲ್ಲ ಹಾಲು, ತುಪ್ಪ, ಜೇನನ್ನೂ ಬಿಟ್ಟವರು, ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಹಾಲಿಗೆ ಬದಲಿ ಹುಡುಕುತ್ತಾ ಹೊರಡುತ್ತಾರೆ. ಬಾದಾಮಿಯೋ ಸೋಯಾನೋ ಓಟ್ಸೋ ಎಂಬ ಚರ್ಚೆಯಲ್ಲೇ ಕಾಫಿ ಮರೆತುಹೋಗುತ್ತದೆ. ನನ್ನ ಸಲಹೆ ಉಲ್ಟಾ. ಮೊದಲು ಡಿಕಾಕ್ಷನ್ ಕುಡಿಯೋದು ಕಲಿಯಿರಿ, ಬದಲಿ ಹಾಲಿನ ಮಾತು ಆಮೇಲೆ. ಹಾಗೆ ನೋಡಿದರೆ ಇದೇನೂ ಹೊಸದಲ್ಲ. ಮಲೆನಾಡಲ್ಲಿ, ಕೊಡಗಲ್ಲಿ ಬೆಲ್ಲದ ಕರಿಕಾಫಿ ಎಷ್ಟೋ ಮನೆಗಳಲ್ಲಿ ದಿನನಿತ್ಯದ್ದು. ಅವರು ಯಾರೂ ಅದಕ್ಕೆ ವೀಗನ್ ಅಂತ ಹೆಸರಿಟ್ಟಿಲ್ಲ ಅಷ್ಟೆ.

1. 'ವೀಗನ್' ಅನ್ನಬೇಡಿ, ಹೆಸರು ಹಿಡಿದು ಹೇಳಿ

ದರ್ಶಿನಿ ಕೌಂಟರಿನಲ್ಲಿ "ಇದು ವೀಗನ್ನಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಪ್ಯೂರ್ ವೆಜ್ ಮೇಡಂ!" ಜೊತೆಗೆ ಸ್ವಲ್ಪ ಬೇಜಾರಿನ ನೋಟ, ಇಷ್ಟು ದೊಡ್ಡ ಬೋರ್ಡ್ ಹಾಕಿದೀವಲ್ಲ ಅನ್ನೋ ಹಾಗೆ. ನಮ್ಮಲ್ಲಿ ಸಸ್ಯಾಹಾರ ಅಂದರೆ ಅದರಲ್ಲಿ ಹಾಲು, ತುಪ್ಪ ಬಂದೇ ಬಂತು.

"ಹಾಲಿನ ಐಟಂ ಏನೂ ಬೇಡ" ಅಂದರೂ ಸಾಲದು. ತುಪ್ಪವನ್ನು ಹಾಲಿನ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಮೊಸರು ಇನ್ನೊಂದು ಲೆಕ್ಕ. ಹಾಗಾಗಿ ಒಂದೊಂದೇ ಹೆಸರು ಹೇಳಿ: "ಹಾಲು, ಮೊಸರು, ಬೆಣ್ಣೆ, ತುಪ್ಪ, ನಾಲ್ಕೂ ಆಗಲ್ಲ." 'ಬೇಡ' ಅನ್ನೋದಕ್ಕಿಂತ 'ಆಗಲ್ಲ' ಅನ್ನೋದು ಜಾಸ್ತಿ ಕೆಲಸ ಮಾಡುತ್ತದೆ. ಬೇಡ ಅಂದರೆ ಶೋಕಿ, ಆಗಲ್ಲ ಅಂದರೆ ಮೈಗೆ ಆಗಲ್ಲ ಅಂತ ಅವರೇ ಅರ್ಥ ಮಾಡಿಕೊಳ್ಳುತ್ತಾರೆ. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ಭಾಷಣ ಮಾಡಿದ ಹಾಗೂ ಆಗಲಿಲ್ಲ.

ಕೇಳೋದು ಯಾರನ್ನು? ಕ್ಯಾಷ್ ಕೌಂಟರಿನವರನ್ನಲ್ಲ. ಅವರಿಗೆ ಟೋಕನ್ ಹರಿಯುವ ಅವಸರ. ಟೋಕನ್ ತೆಗೆದುಕೊಂಡು ಒಳಗಿನ ಕೌಂಟರಿಗೆ ಹೋಗಿ, ಹಂಚಿನ ಮುಂದೆ ನಿಂತವರನ್ನೋ ಕಾಫಿ ಹಾಕುವವರನ್ನೋ ಕೇಳಿ. ಯಾವುದಕ್ಕೆ ಏನು ಬೀಳುತ್ತದೆ ಅಂತ ಸರಿಯಾಗಿ ಗೊತ್ತಿರುವುದು ಅವರಿಗೆ ಮಾತ್ರ.

ಪ್ಯಾಕೆಟ್ ತಿಂಡಿಗೆ ಬೇರೆ ದಾರಿ. ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಅದು ಹಾಲು, ತುಪ್ಪ, ಜೇನುತುಪ್ಪ ಎಲ್ಲಕ್ಕೂ ಸಿಗುತ್ತದೆ. ವೀಗನ್ ತಿನಿಸಿಗೆ ಅಂತಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಬೇರೆ ಗುರುತು ತಂದಿದೆ: ಹಸಿರು 'ವಿ' ಅಕ್ಷರ, ಅದರ ಜೊತೆ ಎಲೆ. 2022ರಲ್ಲಿ ಅದಕ್ಕೆ ನಿಯಮಗಳೂ ಬಂದವು. ಆ ಗುರುತು ಕಂಡರೆ ಸರಿ, ಇಲ್ಲದಿದ್ದರೆ ಪ್ಯಾಕೆಟ್ ತಿರುಗಿಸಿ ಸಣ್ಣಕ್ಷರ ಓದಿ. 'ಮಿಲ್ಕ್ ಸಾಲಿಡ್ಸ್', 'ವೇ', 'ಕೇಸಿನೇಟ್' ಇವೆಲ್ಲ ಹಾಲೇ. 'ನಾನ್ ಡೈರಿ ಕ್ರೀಮರ್' ಅಂತ ಹೆಸರಿಟ್ಟುಕೊಂಡ ಪುಡಿಯಲ್ಲೂ ಎಷ್ಟೋ ಸಲ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನ ಪ್ರೋಟೀನು.

2. ಬೆಳಗ್ಗೆ ಬೇಗ ಹೋಗಿ, ಮೊದಲ ಡಿಕಾಕ್ಷನ್ ಹಿಡಿಯಿರಿ

ಹಾಲು ಹಾಕಿದ ಕಾಫಿಗೆ ಟೈಮ್ ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ಡಿಕಾಕ್ಷನ್ ಸ್ವಲ್ಪ ಹಳೆಯದಾದರೂ ಗಟ್ಟಿ ಹಾಲು, ಸಕ್ಕರೆ ಎಲ್ಲ ಮುಚ್ಚಿಬಿಡುತ್ತವೆ. ಬರೀ ಡಿಕಾಕ್ಷನ್ ಕುಡಿಯುವವರಿಗೆ ಮುಚ್ಚಲು ಏನೂ ಇಲ್ಲ. ಏನಿದೆಯೋ ಅದೇ ನಾಲಿಗೆಗೆ.

ಪುಡಿಗೆ ಮೊದಲ ಸಲ ಕುದಿನೀರು ಹೊಯ್ದಾಗ ಇಳಿಯುವುದು ಮೊದಲ ಡಿಕಾಕ್ಷನ್. ಗಟ್ಟಿಯಾಗಿ, ಘಮಘಮ ಅಂತ ಇರುತ್ತದೆ. ಅದೇ ಪುಡಿಗೆ ಮತ್ತೆ ನೀರು ಹೊಯ್ದರೆ ಎರಡನೇದು. ಬಣ್ಣ ಇರುತ್ತದೆ, ಕಹಿ ಇರುತ್ತದೆ, ಪರಿಮಳ ಮಾತ್ರ ಹೋಗಿರುತ್ತದೆ. ಬೆಳಗ್ಗೆ ಆರೂವರೆ, ಏಳಕ್ಕೆ ಹೋದರೆ ಮೊದಲನೇದು ಸಿಗುವ ಸಾಧ್ಯತೆ ಹೆಚ್ಚು. ಹನ್ನೊಂದರ ಮೇಲೆ ಹೋಗಿ ಕರಿಕಾಫಿ ಕುಡಿದು "ಚೆನ್ನಾಗಿಲ್ಲ" ಅನ್ನಬೇಡಿ. ಸಂಜೆ ನಾಲ್ಕರ ಹೊತ್ತಿಗೆ ಬಹಳ ಕಡೆ ಮತ್ತೆ ಹೊಸದಾಗಿ ಇಳಿಸುತ್ತಾರೆ. ಅದು ಎರಡನೇ ಒಳ್ಳೇ ಟೈಮ್.

ಇನ್ನು ಕೇಳುವ ಕ್ರಮ. "ಬ್ಲ್ಯಾಕ್ ಕಾಫಿ" ಅಂದರೆ ಕೆಲವು ಕಡೆ ಇನ್‌ಸ್ಟಂಟ್ ಪುಡಿ ಕಲಸಿ ಕೊಡುತ್ತಾರೆ. ಆದ್ದರಿಂದ "ಫಿಲ್ಟರ್ ಡಿಕಾಕ್ಷನ್‌ದೇ ಬ್ಲ್ಯಾಕ್ ಕಾಫಿ" ಅಂತ ಬಿಡಿಸಿ ಹೇಳಿ. ಆಮೇಲೆ ಸಕ್ಕರೆ. ಕೆಲವರು ಸಕ್ಕರೆಯನ್ನು ಲೋಟಕ್ಕೆ ಮೊದಲೇ ಹಾಕಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಬೇಡದಿದ್ದರೆ ಲೋಟ ಎತ್ತುವ ಮುಂಚೆಯೇ ಹೇಳಬೇಕು. ಮೂರನೇದು ನೀರು. ಸುಮ್ನೆ ಬಿಟ್ಟರೆ ಲೋಟದ ತುಂಬ ನೀರು ಹಾಕಿಬಿಡುತ್ತಾರೆ, ಕಡಿಮೆ ಕೊಟ್ಟರೆ ಗಿರಾಕಿ ಬೈತಾರೆ ಅನ್ನೋ ಭಯಕ್ಕೆ. "ಅರ್ಧ ಲೋಟ ಸಾಕು, ಸ್ಟ್ರಾಂಗ್ ಇರಲಿ" ಅನ್ನಿ.

ಕೊನೇದು, ಆ 'ಕಲರ್'. ಇದಕ್ಕೆ ಮಾತಿಗಿಂತ ಕೈ ಉಪಯೋಗ. ಬಿಸಿನೀರು ಬಿದ್ದ ಕೂಡಲೇ ಕೈ ಮುಂದೆ ಚಾಚಿ "ಸಾಕು, ಕೊಡಿ" ಅನ್ನಿ. ಹಾಲಿನ ಪಾತ್ರೆಗೂ ಲೋಟಕ್ಕೂ ನಡುವೆ ನಿಮ್ಮ ಕೈ ಇದ್ದರೆ ಅವರ ಕೈ ನಿಲ್ಲುತ್ತದೆ.

ಮೊದಲ ಗುಟುಕು ಕಹಿ ಅನಿಸುತ್ತದೆ, ನಿಜ. ಅದರಲ್ಲಿ ಚಿಕೋರಿಯ ಪಾಲೂ ಇದೆ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ವೀಗನ್ ಲೆಕ್ಕದಲ್ಲಿ ಏನೂ ತೊಂದರೆ ಇಲ್ಲ. ನಮ್ಮ ಕಡೆ 80ಕ್ಕೆ 20, 70ಕ್ಕೆ 30 ಅಂತ ಬೆರೆಸುವುದು ವಾಡಿಕೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಅಂದರೆ ಚಿಕೋರಿ ಹೆಚ್ಚೆಂದರೆ 49. ಚಿಕೋರಿಯಿಂದ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಬರುತ್ತದೆ. ಹಾಲಿನ ಜೊತೆ ಅದು ಸೊಗಸು. ಹಾಲಿಲ್ಲದೆ ಹೋದರೆ ಆ ಸುಟ್ಟ ಬೇರಿನ ರುಚಿಯೇ ಮುಂದೆ ಬಂದು ನಿಲ್ಲುತ್ತದೆ. ಅದಕ್ಕೇ ಎಲ್ಲರೂ ಹೊಗಳುವ ಹೋಟೆಲಿನ ಕಾಫಿ ನಿಮಗೆ ಹಿಡಿಸದೆ, ಯಾರೂ ಹೆಸರೆತ್ತದ ಮೂಲೆ ಅಂಗಡಿಯ ಡಿಕಾಕ್ಷನ್ ಹಿಡಿಸಬಹುದು. ಹಾಲಿನ ಕಾಫಿಯ ರ‍್ಯಾಂಕಿಂಗ್ ಇಲ್ಲಿ ನಡೆಯಲ್ಲ. ನಿಮ್ಮ ಪಟ್ಟಿ ನೀವೇ ಮಾಡಿಕೊಳ್ಳಬೇಕು.

3. ಲೋಟದ ಪಕ್ಕದ ತಟ್ಟೆ

ಕಾಫಿ ಗೆದ್ದಿರಿ, ತಿಂಡಿಯಲ್ಲಿ ಬೀಳಬೇಡಿ. ನಮ್ಮ ತಿಂಡಿಗಳಲ್ಲಿ ಅರ್ಧಕ್ಕರ್ಧ ಹುಟ್ಟಾ ವೀಗನ್. ಉಳಿದರ್ಧ ಕೊನೇ ಗಳಿಗೆಯಲ್ಲಿ ಬೀಳುವ ಒಂದು ಚಮಚ ತುಪ್ಪದಿಂದ ಕೆಡುತ್ತವೆ.

ಇಡ್ಲಿ, ಉದ್ದಿನ ವಡೆ ಕಣ್ಮುಚ್ಚಿ ತಿನ್ನಬಹುದಾದಂಥವು. ಅಕ್ಕಿ, ಉದ್ದು, ಎಣ್ಣೆ, ಅಷ್ಟೆ. ಆದರೆ ರವೆ ಇಡ್ಲಿ ಬೇರೆ ಜಾತಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಅಭಾವವಾದಾಗ ಎಂಟಿಆರ್‌ನವರು ಮಾಡಿ ನೋಡಿದ್ದು ಅದು. ಅದರ ಹಿಟ್ಟು ಕಲಸುವುದೇ ಮೊಸರಲ್ಲಿ, ಮೇಲೆ ತುಪ್ಪ ಬೇರೆ. ಹೆಸರಲ್ಲಿ ಇಡ್ಲಿ ಇದೆ ಅಂತ ನಂಬಬೇಡಿ. ಗೋಳಿಬಜೆ ಕೂಡ ಹಾಗೇ, ಮೈದಾ ಕಲಸೋದು ಹುಳಿ ಮೊಸರಲ್ಲಿ. ಮಳೆ ಬರುವಾಗ ಪಕ್ಕದವರ ತಟ್ಟೆಯಲ್ಲಿ ಅದು ಹೊಗೆಯಾಡುತ್ತಿದ್ದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ದೋಸೆಯ ಹಿಟ್ಟಲ್ಲಿ ಸಾಮಾನ್ಯವಾಗಿ ತಕರಾರಿಲ್ಲ, ಹಂಚಿನ ಮೇಲೆ ಇದೆ. "ಎಣ್ಣೆ ಮಾತ್ರ ಹಾಕಿ" ಅಂದರೆ ಮಾಡಿಕೊಡುತ್ತಾರೆ. ಆದರೆ ರಷ್ ಟೈಮಲ್ಲಿ ಹನ್ನೆರಡು ದೋಸೆ ಒಟ್ಟಿಗೆ ಹರಡಿ ಒಂದೇ ಏಟಿಗೆ ತುಪ್ಪ ಚಿಮುಕಿಸುತ್ತಾರೆ. ಅದರಲ್ಲಿ ನಿಮ್ಮದೊಂದನ್ನು ಬಿಡಿ ಅನ್ನೋದು ಅವರಿಗೂ ಕಷ್ಟ. ಬೆಣ್ಣೆ, ತುಪ್ಪದಿಂದಲೇ ಹೆಸರು ಮಾಡಿದ ದೋಸೆ ಹೋಟೆಲಿಗೆ ಹೋಗಿ ಎಣ್ಣೆ ದೋಸೆ ಕೇಳೋದರಲ್ಲಿ ಅರ್ಥವೂ ಇಲ್ಲ. ಅಲ್ಲಿ ಕಾಫಿ ಕುಡಿದು ಬನ್ನಿ.

ಖಾರಾಬಾತ್, ಕೇಸರಿಬಾತ್, ಪೊಂಗಲ್, ಬಿಸಿಬೇಳೆಬಾತ್ ನಾಲ್ಕಕ್ಕೂ ತುಪ್ಪ ಇದ್ದೇ ಇರುತ್ತದೆ ಅಂದುಕೊಂಡು ನಡೆಯಿರಿ. ಅಂದರೆ ಚೌಚೌಬಾತ್ ಪೂರ್ತಿ ಹೋಯ್ತು. ಚಿತ್ರಾನ್ನ, ಪುಳಿಯೋಗರೆ ಬಹುಪಾಲು ಎಣ್ಣೆಯವು. ಅಕ್ಕಿರೊಟ್ಟಿ ಚೆನ್ನ, ಮೇಲೆ ಬೆಣ್ಣೆ ಇಡಬೇಡಿ ಅಂದರಾಯ್ತು. ತೆಂಗಿನಕಾಯಿ ಚಟ್ನಿಗೆ ಕೆಲವರು ಒಂದು ಸೌಟು ಮೊಸರು ಸೇರಿಸುತ್ತಾರೆ, ಒಂದು ಸಲ ಕೇಳಿಬಿಡಿ.

ನನ್ನ ಅನುಭವದಲ್ಲಿ ಮೆನು ಚಿಕ್ಕದಿದ್ದಷ್ಟೂ ನಮ್ಮಂಥವರಿಗೆ ಸುಲಭ. ಜಯನಗರದಿಂದ ಹೆಚ್ಚು ದೂರವಿಲ್ಲದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. 1965ರಿಂದ ನಡೆಯುತ್ತಿರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಕೂಡ ಇಲ್ಲ, ಬರೀ ಚಟ್ನಿ. ಇಂಥ ಕಡೆ ಕೇಳಬೇಕಾದ ಪ್ರಶ್ನೆ ಎರಡೇ ಎರಡು. ಇನ್ನೂರು ಐಟಂ ಬೋರ್ಡ್ ಇರುವ ಕಡೆ ಮಾಣಿಗೇ ಯಾವುದರಲ್ಲಿ ಏನಿದೆ ಗೊತ್ತಿರಲ್ಲ.

4. ಹೊಸ ಕೆಫೆಗೆ ಹೋದಾಗ

ಮಧ್ಯಾಹ್ನದ ಬಿಸಿಲಿಗೆ ದರ್ಶಿನಿಯಲ್ಲಿ ನಿಲ್ಲೋಕಾಗಲ್ಲ. ಆಗ ಎಸಿ, ಕುರ್ಚಿ, ಮರದ ಟೇಬಲ್ ಇರುವ ಕೆಫೆಗೆ ಹೋಗಿ. ಇಲ್ಲಿ 'ವೀಗನ್' ಅಂದರೆ ಗೊತ್ತಾಗುತ್ತದೆ, ಆ ತಲೆನೋವು ಇಲ್ಲ. ಬೇರೆ ತಲೆನೋವುಗಳಿವೆ.

ಮೊದಲ ಭೇಟಿಯಲ್ಲಿ ಹಾಲಿನ ಬದಲಿ ಏನನ್ನೂ ತೆಗೆದುಕೊಳ್ಳಬೇಡಿ. ಪೋರ್‌ಓವರ್ (ಪುಡಿ ಮೇಲೆ ಕೈಯಿಂದ ಬಿಸಿನೀರು ಹೊಯ್ದು ಸೋಸಿದ್ದು) ಅಥವಾ ಏರೋಪ್ರೆಸ್ (ಕೊಳವೆಯಲ್ಲಿ ಒತ್ತಿ ಇಳಿಸಿದ್ದು) ಹೇಳಿ. ದುಡ್ಡು ಜಾಸ್ತಿ ಅನಿಸಿದರೆ ಅಮೇರಿಕಾನೊ, ಅಂದರೆ ಎಸ್‌ಪ್ರೆಸೊಗೆ ಬಿಸಿನೀರು ಬೆರೆಸಿದ್ದು. ಅಂಗಡಿಯವರ ಕಾಳು ಹೇಗಿದೆ, ಎಷ್ಟು ಹುರಿದಿದ್ದಾರೆ ಅನ್ನೋದು ಬರೀ ಕಾಫಿಯಲ್ಲೇ ಗೊತ್ತಾಗೋದು. ಜೊತೆಗೆ ಒಂದು ಚಿಕ್ಕ ಕಾರ್ಡ್ ಕೊಡುತ್ತಾರೆ, ಅಥವಾ ಗೋಡೆ ಮೇಲೆ ಬರೆದಿರುತ್ತಾರೆ. ಅದನ್ನು ಓದಿ. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು, ಬಿಳಿಗಿರಿರಂಗನ ಬೆಟ್ಟ ಹೀಗೆ ಊರು ಇರುತ್ತದೆ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ನಮ್ಮ ರಾಜ್ಯದ್ದೇ ತಾನೆ. 'ಎಸ್ 795' ಅಂತ ಕಂಡರೆ ಅದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಅರೇಬಿಕಾ ತಳಿ. 'ವಾಶ್ಡ್' ಅಂದರೆ ಹಣ್ಣಿನ ಲೋಳೆ ತೊಳೆದು ಒಣಗಿಸಿದ್ದು, 'ನ್ಯಾಚುರಲ್' ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು.

'ಹನಿ ಪ್ರೊಸೆಸ್' ಅಂತ ಇದ್ದರೆ ಗಾಬರಿ ಬೇಡ. ನಾನು ಒಂದು ವರ್ಷ ಅದನ್ನು ಮುಟ್ಟಿರಲಿಲ್ಲ! ಜೇನು ಬಳಿದಿರುತ್ತಾರೆ ಅಂದುಕೊಂಡಿದ್ದೆ. ಅದರಲ್ಲಿ ಒಂದು ಹನಿ ಜೇನೂ ಇಲ್ಲ. ಸಿಪ್ಪೆ ತೆಗೆದು, ಅಂಟು ಲೋಳೆಯನ್ನು ಕಾಳಿನ ಮೇಲೇ ಬಿಟ್ಟು ಒಣಗಿಸುತ್ತಾರೆ. ಆ ಅಂಟಿಗೆ ಬಂದ ಹೆಸರು ಅಷ್ಟೆ. ಕುಡಿದರೆ ಸ್ವಲ್ಪ ಸಿಹಿ ಅನಿಸುತ್ತದೆ, ಸಕ್ಕರೆ ಹಾಕದೆಯೂ.

ಎರಡನೇ ಭೇಟಿಗೆ ಬದಲಿ ಹಾಲು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೆಚ್ಚು ಹೋಗುವುದು ಇಲ್ಲೇ.

ಓಟ್ಸ್ ಹಾಲು ಕಾಫಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಓಟ್ಸಿನ ಗಂಜಿಗೆ ಕಿಣ್ವ ಹಾಕಿ, ಅದರ ಪಿಷ್ಟವನ್ನು ಒಡೆದು ಮಾಡುತ್ತಾರೆ. ಹಾಗಾಗಿ ಸಕ್ಕರೆ ಹಾಕದಿದ್ದರೂ ಸಿಹಿ ಇರುತ್ತದೆ. 'ಬರಿಸ್ಟಾ' ಅಂತ ಬರೆದ ಪ್ಯಾಕಿನಲ್ಲಿ ಸ್ವಲ್ಪ ಎಣ್ಣೆ, ಹುಳಿ ತಡೆಯುವ ಲವಣ ಸೇರಿಸಿರುತ್ತಾರೆ. ನೊರೆ ಚೆನ್ನಾಗಿ ಏಳುತ್ತದೆ. ಪ್ಯಾಕಿನ ಮೇಲೆ 'ಹಾಲು' ಅಂತ ಇರಲಿಕ್ಕಿಲ್ಲ, 'ಓಟ್ ಡ್ರಿಂಕ್' ಅಂತಲೋ ಇನ್ನೇನೋ ಇರುತ್ತದೆ. ಗಿಡದಿಂದ ಮಾಡಿದ್ದಕ್ಕೆ ಹಾಲು ಅನ್ನಬಾರದು ಅನ್ನೋ ನಿಯಮ ಇರೋದರಿಂದ ಹಾಗೆ.

ಸೋಯಾ, ಬಾದಾಮಿ ಹಾಲಿಗೆ ಒಡೆಯುವ ಚಾಳಿ. ಕಾಫಿ ಸ್ವಭಾವತಃ ಹುಳಿ. ಬಿಸಿ, ಹುಳಿ ಎರಡೂ ಸೇರಿದರೆ ಪ್ರೋಟೀನು ಗಂಟುಗಂಟಾಗಿ ಬೇರೆಯಾಗುತ್ತದೆ. ನಿಂಬೆಹುಳಿ ಹಿಂಡಿ ಪನೀರು ಮಾಡುವ ಹಾಗೇ. ಕಡಿಮೆ ಹುರಿದ ಕಾಳಿನಲ್ಲಿ ಹುಳಿ ಜಾಸ್ತಿ, ಅದರ ಜೊತೆ ಒಡೆಯೋದೂ ಜಾಸ್ತಿ. ಒಡೆದರೆ ಕೆಟ್ಟಿದೆ ಅಂತಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೆ. ಇರುವುದು ಸೋಯಾ ಮಾತ್ರ ಅಂದಾಗ "ಕಡಿಮೆ ಹುಳಿಯ ಕಾಳು ಯಾವುದಿದೆ?" ಅಂತ ಕೇಳಿ. ಮಾನ್ಸೂನ್ಡ್ ಮಲಬಾರ್ ಇದ್ದರೆ ನಿಮ್ಮ ಅದೃಷ್ಟ. ಕರಾವಳಿಯ ಮಳೆಗಾಲದ ಗಾಳಿಗೆ ಕಾಳನ್ನು ಒಡ್ಡಿ ಊದಿಸಿ ಮಾಡುವ ಕಾಫಿ ಅದು, ಹುಳಿ ಬಹಳ ಕಡಿಮೆ. ತೆಂಗಿನ ಹಾಲು ಹಾಕಿದರೆ ಕಾಫಿ ತೆಂಗಿನ ಹಾಲಾಗುತ್ತದೆ. ಕೆಲವರಿಗೆ ಇಷ್ಟ. ನನಗೆ ಪಾಯಸ ಕುಡಿದ ಹಾಗೆ ಅನಿಸುತ್ತದೆ.

ಆರ್ಡರ್ ಕೊಡುವ ಮುಂಚೆ ಮೂರು ಪ್ರಶ್ನೆ. ಎಕ್ಸ್‌ಟ್ರಾ ಎಷ್ಟು? ಬಿಲ್ಲು ಬಂದಮೇಲೆ ಬಾಯಿ ಬಿಡೋದಕ್ಕಿಂತ ಇದು ವಾಸಿ. ಸಕ್ಕರೆ ಹಾಕಿದ್ದೋ ಹಾಕದ್ದೋ? ನೊರೆ ಎಬ್ಬಿಸುವ ಜಗ್ಗು ಬೇರೆ ಇಟ್ಟಿದ್ದಾರೋ, ಇಲ್ಲ ತೊಳೆದು ಅದನ್ನೇ ಬಳಸುತ್ತಾರೋ? ಒಂದು ಸಲ ಕೌಂಟರಿಗೆ ಹತ್ತಿರ ನಿಂತು ನೋಡುತ್ತಿದ್ದೆ. ಹುಡುಗ ಹಾಲಿನ ಲಾಟೆ ಮುಗಿಸಿದ. ಹಬೆ ಬರುವ ಕೊಳವೆಯ ತುದಿಯಲ್ಲಿ ಹಾಲು ಬಿಳಿ ಪೊರೆಯಾಗಿ ಒಣಗಿತ್ತು. ಅದನ್ನು ಒರೆಸದೆ ಹಾಗೇ ನನ್ನ ಓಟ್ಸ್ ಹಾಲಿಗೆ ಅದ್ದಿದ. "ತಮ್ಮಾ, ಒಂದ್ ನಿಮಿಷ" ಅಂದೆ. ಅವನಿಗೇ ನಾಚಿಕೆಯಾಯ್ತು ಪಾಪ. ಅದನ್ನು ಚೆಲ್ಲಿ, ಕೊಳವೆ ಒರೆಸಿ, ಹಬೆ ಬಿಟ್ಟು, ಹೊಸದಾಗಿ ಮಾಡಿಕೊಟ್ಟ. ಮಾಡುವುದಕ್ಕೆ ಮುಂಚೆಯೇ ಕೇಳಿದ್ದರೆ ಇಬ್ಬರಿಗೂ ಮುಜುಗರ ಇರುತ್ತಿರಲಿಲ್ಲ.

ಹೆಸರಿನಲ್ಲಿ ಹಾಲು ಕಾಣದೆ ಒಳಗೆ ಅಡಗಿರುವ ಪಾನೀಯಗಳೂ ಇವೆ. ಮೋಕಾದ ಚಾಕೊಲೇಟ್ ಸಾಸ್, ಕ್ಯಾರಮೆಲ್ ಸಾಸ್ ಎರಡರಲ್ಲೂ ಹಾಲಿನ ಪುಡಿ ಇರಬಹುದು, ಬಾಟಲ್ ತೋರಿಸಿ ಅನ್ನಿ. ಸಿರಪ್ ಸಾಮಾನ್ಯವಾಗಿ ಬರೀ ಸಕ್ಕರೆ ಪಾಕ. ವಿಯೆಟ್ನಾಂ ಕಾಫಿ ಅಂದರೆ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್. ಬುಲೆಟ್‌ಪ್ರೂಫ್ ಅಂದರೆ ಬೆಣ್ಣೆಯೇ. ಬಿಸಿಲಿಗೆ ಕೋಲ್ಡ್ ಬ್ರೂ, ಎಸ್‌ಪ್ರೆಸೊ ಟಾನಿಕ್ ಇದ್ದೇ ಇವೆಯಲ್ಲ. ಅವುಗಳಲ್ಲಿ ಹಾಲಿನ ಪ್ರಶ್ನೆಯೇ ಬರಲ್ಲ.

ತಿನ್ನಲು ಈ ಕೆಫೆಗಳಲ್ಲಿ ಸಿಗೋದು ಕಡಿಮೆ. ಗಾಜಿನ ಪೆಟ್ಟಿಗೆಯೊಳಗಿನ 'ಎಗ್‌ಲೆಸ್' ಚೀಟಿ ನಮಗೆ ಪ್ರಯೋಜನವಿಲ್ಲ. ಮೊಟ್ಟೆ ತೆಗೆದ ಜಾಗಕ್ಕೆ ಮೊಸರೋ ಕಂಡೆನ್ಸ್ಡ್ ಮಿಲ್ಕೋ ಬಂದಿರುತ್ತದೆ. ಕ್ರಾಸಾಂಟ್ ಅಂದರೆ ಬೆಣ್ಣೆಯ ಮಡಿಕೆ. ಸಾರ್‌ಡೋ ಬ್ರೆಡ್ಡು ಬೆಣ್ಣೆ ಸವರದೆ ಕೊಟ್ಟರೆ ಸರಿ.

5. ದಾರಿಯಲ್ಲಿ ಬೇಕರಿ

ಅಯ್ಯಂಗಾರ್ ಬೇಕರಿ ಕಂಡರೆ ಕಾಲು ನಿಲ್ಲದೆ ಇರಲ್ಲ. ಬೆಣ್ಣೆ ಬಿಸ್ಕತ್ತು ಬಿಟ್ಟುಬಿಡಿ, ಹೆಸರೇ ಹೇಳುತ್ತದೆ. ಖಾರ ಬನ್, ಪಫ್‌ಗೆ ಡಾಲ್ಡಾ ಹಾಕುತ್ತಾರೋ ಮಾರ್ಗರಿನ್ನೋ ಬೆಣ್ಣೆಯೋ ಅಂತ ಕೇಳಬೇಕು. ಡಾಲ್ಡಾ ಗಿಡದ ಎಣ್ಣೆ, ಆರೋಗ್ಯದ ಮಾತು ಬೇರೆ. ಮಾರ್ಗರಿನ್‌ನಲ್ಲಿ ಕೆಲವೊಮ್ಮೆ ಹಾಲಿನ ಅಂಶ ಇರುತ್ತದೆ. ನಾನು ಚೀಲಕ್ಕೆ ಹಾಕಿಸಿಕೊಳ್ಳೋದು ಕಾಂಗ್ರೆಸ್ ಕಡಲೆಬೀಜ. ಇಂಗು, ಮೆಣಸು, ಕರಿಬೇವಿನ ಆ ಘಾಟಿಗೆ ಕರಿಕಾಫಿಯಂಥ ಜೋಡಿ ಇನ್ನೊಂದಿಲ್ಲ. ಅದಕ್ಕೂ ಎಣ್ಣೆಯೋ ತುಪ್ಪವೋ ಅಂತ ಒಂದು ಮಾತು ಕೇಳಿ, ಒಂದು ಸಲ ಕೇಳಿದರೆ ಆ ಅಂಗಡಿಗೆ ಸಾಕು.

6. ಒಂದು ಭಾನುವಾರದ ದಾರಿ

ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನನ್ನ ದಾರಿ ಹೇಳುತ್ತೇನೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಬಂದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ. ಭಾನುವಾರ ಬೆಳಗ್ಗೆ ಮೆಟ್ರೋ ಸ್ವಲ್ಪ ತಡವಾಗಿ ಶುರುವಾಗುತ್ತದೆ, ಅದನ್ನು ನೋಡಿಕೊಂಡು ಹೊರಡಿ. ತೋಟದೊಳಗೆ ಒಂದು ಸುತ್ತು ಹಾಕಿ ಅಶೋಕ ಪಿಲ್ಲರ್ ಕಡೆಗೆ ಹೊರಬನ್ನಿ. ವಾಕಿಂಗ್ ಮುಗಿಸಿದ ಹಿರಿಯರು ಯಾವ ದರ್ಶಿನಿ ಮುಂದೆ ಗುಂಪಾಗಿದ್ದಾರೋ ಅಲ್ಲಿ ಡಿಕಾಕ್ಷನ್ ಬೇಗ ಖಾಲಿಯಾಗುತ್ತಿರುತ್ತದೆ, ಅಂದರೆ ಹೊಸದು ಇಳಿಯುತ್ತಿರುತ್ತದೆ. ಅಲ್ಲೇ ಮೊದಲ ಲೋಟ.

ಅಲ್ಲಿಂದ ಮಾಧವನ್ ಪಾರ್ಕ್ ದಾಟಿ ಒಳರಸ್ತೆಗಳಲ್ಲಿ 4ನೇ ಬ್ಲಾಕ್ ಕಡೆ ನಡೆಯಿರಿ. ಮರದ ನೆರಳು ಇರುತ್ತದೆ. ದೊಡ್ಡ ಮೇನ್ ರೋಡಿಗಿಂತ ಕ್ರಾಸ್‌ಗಳಲ್ಲಿ ಹೋಗಿ. ಹಳೇ ಮನೆಯ ಗ್ಯಾರೇಜನ್ನೇ ಕೆಫೆ ಮಾಡಿಕೊಂಡವರು ಅಂಥ ಕಡೆಯೇ ಸಿಗೋದು. ಪುಟ್ಟಣ್ಣ ಚಿತ್ರಮಂದಿರ ಇದ್ದ ಕಾಂಪ್ಲೆಕ್ಸಿನ ಸುತ್ತ ತಿಂಡಿ ಅಂಗಡಿಗಳಿಗೆ ಲೆಕ್ಕವಿಲ್ಲ. ಒಂದು ಭಾನುವಾರಕ್ಕೆ ಒಂದು ಹಳೇ ಹೋಟೆಲು, ಒಂದು ಹೊಸ ಕೆಫೆ ಸಾಕು. ನಾಲ್ಕಕ್ಕೆ ಹೋದರೆ ನಾಲಿಗೆಗೆ ಒಂದೂ ನೆನಪಿರಲ್ಲ.

ವಾಪಸ್ ಹೋಗುವಾಗ ಕಾಫಿಪುಡಿ ಅಂಗಡಿ ಹೊಕ್ಕು ಹೊರಡಿ. ಕಣ್ಣೆದುರೇ ಬೀಸಿ ಕೊಡುವ ಅಂಗಡಿ ಆಗಬೇಕು. "ಕರಿಕಾಫಿಗೆ ಬೇಕು, ಚಿಕೋರಿ 10 ಸಾಕು" ಅನ್ನಿ, ಇಲ್ಲವೇ ಬೇಡವೇ ಬೇಡ ಅನ್ನಿ. ಪೀಬರಿ ಬೇಕೋ ಪ್ಲಾಂಟೇಷನ್ ಬೇಕೋ ಅಂತ ಕೇಳುತ್ತಾರೆ. ಪೀಬರಿ ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಕಾಳು, ಪ್ಲಾಂಟೇಷನ್ ಅಂದರೆ ತೊಳೆದು ಒಣಗಿಸಿದ ಅರೇಬಿಕಾ. ಎರಡನ್ನೂ 100 ಗ್ರಾಂ ತೆಗೆದುಕೊಂಡು ಮನೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಮನೆಯಲ್ಲಿ ಸೋಯಾ ಹಾಲು ಹಾಕುವುದಾದರೆ ಅದನ್ನು ಮೊದಲು ಉಗುರುಬೆಚ್ಚಗೆ ಮಾಡಿ, ಡಿಕಾಕ್ಷನ್ ಸ್ವಲ್ಪ ಆರಲು ಬಿಟ್ಟು, ನಿಧಾನವಾಗಿ ಹಾಲಿಗೆ ಡಿಕಾಕ್ಷನ್ ಸುರಿಯಿರಿ. ಒಡೆಯುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

7. ಮೂರನೇ ಸಲ ಹೋಗಿ

ಒಂದು ಜಾಗಕ್ಕೆ ಒಂದೇ ಸಲ ಹೋದರೆ ನೀವು ಕಿರಿಕಿರಿಯ ಗಿರಾಕಿ. ಮೂರನೇ ಸಲಕ್ಕೆ ಗುರುತಿನ ಗಿರಾಕಿ. ಒಂದೇ ಹೊತ್ತಿಗೆ ಹೋಗಿ, ಒಂದೇ ಮಾತು ಹೇಳಿ, ರಷ್ ಇದ್ದರೆ ಎರಡು ನಿಮಿಷ ಕಾಯಿರಿ. ಹಸುಗಳ ಬಗ್ಗೆ ಅಲ್ಲಿ ಮಾತು ತೆಗೆಯಬೇಡಿ. ಅವರಾಗಿ ಕೇಳಿದರೆ ಹೇಳಿ. ಕೇಳುತ್ತಾರೆ, ಖಂಡಿತ.

ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ. ಹೋಟೆಲು, ಹೋದ ಹೊತ್ತು, ಡಿಕಾಕ್ಷನ್ ಹೇಗಿತ್ತು, ಚಟ್ನಿಗೆ ಮೊಸರು ಉಂಟೋ ಇಲ್ಲವೋ. ನನ್ನ ಪಟ್ಟಿಯಲ್ಲಿ ಎರಡು ಕಡೆ 'ಸಂಜೆ ಮಾತ್ರ' ಅಂತಿದೆ, ಒಂದು ಕಡೆ 'ಭಟ್ಟರು ರಜೆ ಇದ್ದರೆ ಬೇಡ' ಅಂತ.

ಆ ಕಲರ್ ಹಾಕಿದ ಹೋಟೆಲಿಗೆ ಈಗಲೂ ಹೋಗುತ್ತೇನೆ. ದೂರದಿಂದ ಕಂಡ ಕೂಡಲೇ ಅವರೇ ಕೂಗಿ ಹೇಳುತ್ತಾರೆ: "ಕಲರ್ ಇಲ್ದೇ ಒಂದು!" ಪಕ್ಕದಲ್ಲಿ ನಿಂತವರು ತಿರುಗಿ ನೋಡುತ್ತಾರೆ, ಏನಪ್ಪಾ ಇದು ಹೊಸ ಐಟಂ ಅಂತ. ಹೋದ ತಿಂಗಳು ಒಬ್ಬ ಹಿರಿಯರು ನನ್ನ ಲೋಟ ನೋಡಿ "ಶುಗರ್ರಾ ಅಮ್ಮ?" ಅಂತ ಮೆಲ್ಲಗೆ ಕೇಳಿದರು. ಅಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಒಂದು ಎಚ್ಚರಿಕೆ. ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆ ಇಲ್ಲ ಅನ್ನುತ್ತಾರೆ, ಬಸುರಿಯರಿಗೆ ಅದರ ಅರ್ಧ. ರೊಬಸ್ಟಾ ಅನ್ನೋ ಇನ್ನೊಂದು ಜಾತಿಯ ಕಾಫಿಯಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಹೋಟೆಲಿನ ಪುಡಿಯಲ್ಲಿ ರೊಬಸ್ಟಾ ಧಾರಾಳ ಇರಬಹುದು. ಹಾಲಿಲ್ಲ ಅಂತ ಡಿಕಾಕ್ಷನ್ನನ್ನೇ ಜಾಸ್ತಿ ಹಾಕಿಸಿಕೊಂಡಿರುತ್ತೀರಿ, ಹಾಗಾಗಿ ಎರಡನೇ ಲೋಟಕ್ಕೇ ಎದೆ ಡವಡವ ಅನ್ನಬಹುದು. ಇನ್ನೂ ಬೇಕು ಅನಿಸಿದರೆ ಪಕ್ಕದಲ್ಲಿ ಯಾರಾದರೂ ಸ್ನೇಹಿತರನ್ನು ನಿಲ್ಲಿಸಿಕೊಂಡು ಬೈ‑ಟು ಹೇಳಿ.